ತ್ರಿವೇಣಿಯವರ ‘ಶರಪಂಜರ’ : ಉನ್ಮಾದ, ಆಸ್ಪತ್ರೆ, ಮನೆ

೧

ಉನ್ಮಾದವು ಭಾರತೀಯ ಅಲಂಕಾರಶಾಸ್ತ್ರಕ್ಕೆ ಹೊಸ ವಿಷಯವಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿರುವ ೩೩ ವ್ಯಭಿಚಾರಿಭಾವಗಳಲ್ಲಿ ಅದೂ ಒಂದು. ಇಷ್ಟಜನರ ಅಗಲಿಕೆ, ಧನನಾಶ, ಪೆಟ್ಟು, ವಾತಪಿತ್ತಕಫಗಳ ಪ್ರಕೋಪ ಇವು ಅದಕ್ಕೆ ವಿಭಾವಗಳು. ನಿಮಿತ್ತವಿಲ್ಲದೆ ನಗುವುದು, ಅಳುವುದು, ಅಸಂಬದ್ಧವಾಗಿ ಮಾತನಾಡುವುದು, ಓಡುವುದು, ಹಾಡುವುದು ಮೊದಲಾದವು ಅನುಭಾವಗಳು. ಶಾಸ್ತ್ರಕಾರನು ಇದನ್ನು ಸ್ಥಾಯಿಭಾವಗಳಲ್ಲಿ ಸೇರಿಸದೆ ವ್ಯಭಿಚಾರಿಗಳಲ್ಲಿ ಸೇರಿಸಿರುವುದು ಗಮನಾರ್ಹವಾದುದು. ವ್ಯಭಿಚಾರಿಯೆಂದರೆ, ಸಂಚಾರಿಯೆಂದರೆ, ಬಂದು ಹೋಗತಕ್ಕುದು. ನೀರಿನ ಮೇಲೆ ಎದ್ದ ತೆರೆಯು ನೀರಿನಲ್ಲಿಯೇ ಅಡಗುವಂತೆ ಅದು ಸ್ಥಾಯಿಯಲ್ಲಿ ಹುಟ್ಟಿ ಸ್ಥಾಯಿಯಲ್ಲಿ ಲಯವಾಗುತ್ತದೆ. ಉನ್ಮಾದವೇ ಒಬ್ಬನ ಸ್ವರೂಪವೆಂದು ಶಾಸ್ತ್ರವು ಎಲ್ಲಿಯೂ ಹೇಳಿಲ್ಲ.

ಕಾಳಿದಾಸನ ‘ವಿಕ್ರಮೋರ್ವಶೀಯ’ದ ನಾಲ್ಕನೆಯ ಅಂಕವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಸ್ತ್ರೀಯರಿಗೆ ನಿಷಿದ್ಧವಾದ ಕುಮಾರವನವನ್ನು ಹೊಕ್ಕ ಊರ್ವಶಿಯು ಲತೆಯಾಗಿ ಮಾರ್ಪಡುತ್ತಾಳೆ. ಪುರೂರವನು ನವಿಲನ್ನೂ ಕೋಗಿಲೆಯನ್ನೂ ಆನೆಯನ್ನೂ ಅವಳ ಸುದ್ದಿ ಕೇಳುತ್ತ ಕಾಡಿನಲ್ಲಿ ಅಲೆಯುತ್ತಾನೆ. ಸಂಗಮನೀಯವೆಂಬ ಮಣಿಯು ದೊರೆತು ಅವನು ಲತೆಯನ್ನು ಅಪ್ಪಲು, ಅದು ಊರ್ವಶಿಯಾಗುತ್ತದೆ; ರಾಜನ ಬುದ್ಧಿಯು ತಿಳಿಯಾಗುತ್ತದೆ. ಇಲ್ಲಿ ಒಂದು ಅಂಶವನ್ನು ಓದುಗರು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ಐದನೆಯ ಅಂಕದಲ್ಲಿ ರಾಜಧಾನಿಗೆ ಮರಳಿದ ಪುರೂರವನನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ಅವನು ನಕ್ಕರೆ ವಿದೂಷಕನು ಹೆದರುವುದಿಲ್ಲ. ಅವನು ಸಿಟ್ಟಾದರೆ ಪರಿವಾರದವರು ಬಾಗಿಲ ಹಿಂದೆ ಪಿಸುಗುಟ್ಟುವುದಿಲ್ಲ. ಬಂದ ಉನ್ಮಾದವು ಹೋಯಿತು; ರಾಜನು ರಾಜನಾಗಿಯೇ ಉಳಿದನು.

ಪುರೂರವನ ಸ್ಥಾನದಲ್ಲಿ ಒಬ್ಬ ಮಧ್ಯಮವರ್ಗದ ಗೃಹಿಣಿಯನ್ನೂ, ಕುಮಾರವನದ ಸ್ಥಾನದಲ್ಲಿ ಮನೋರೋಗದ ಆಸ್ಪತ್ರೆಯನ್ನೂ ಇರಿಸಿದರೆ ಏನಾದೀತು? ಈ ಪ್ರಶ್ನೆಗೆ ಕನ್ನಡದಲ್ಲಿ ದೊರೆತ ದಿಟ್ಟವಾದ ಉತ್ತರವೇ ಶ್ರೀಮತಿ ತ್ರಿವೇಣಿಯವರ ‘ಶರಪಂಜರ’. ಬಂದು ಹೋದ ಭಾವವನ್ನು ನಿಂತುಹೋದ ಭಾವವೆಂದು ಸಂಸಾರವು ಭ್ರಮಿಸುವುದು, ಆ ಭ್ರಮೆಯೇ ಕೊನೆಗೆ ಮತ್ತೊಮ್ಮೆ ರೋಗವಾಗಿ ಪರಿಣಮಿಸುವುದು—ಇದೇ ಆ ಕಾದಂಬರಿಯ ವಸ್ತುವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ತ್ರಿವೇಣಿಯೆಂಬುದು ಕಾವ್ಯನಾಮ, ಅನಸೂಯಾ ಶಂಕರ್ ಎಂಬುದು ಗ್ರಂಥಕರ್ತ್ರಿಯವರ ನಿಜನಾಮ. ೧೯೨೮ರಲ್ಲಿ ಜನಿಸಿ, ೧೯೬೩ರಲ್ಲಿ ಮೈಸೂರಿನಲ್ಲಿ, ಮೂವತ್ತೈದು ವರ್ಷಗಳು ತುಂಬುವುದಕ್ಕೆ ಮೊದಲೇ ಅವರು ತೀರಿಕೊಂಡರು. ಅಷ್ಟರಲ್ಲಿಯೇ ‘ಬೆಕ್ಕಿನ ಕಣ್ಣು’, ‘ಬೆಳ್ಳಿಮೋಡ’, ‘ದೂರದ ಬೆಟ್ಟ’, ‘ಹಣ್ಣೆಲೆ ಚಿಗುರಿದಾಗ’ ಮೊದಲಾದ ಕಾದಂಬರಿಗಳಿಂದ ಕನ್ನಡದ ಮನೆಮನೆಗೂ ಪರಿಚಿತರಾಗಿದ್ದರು. ಅವರು ಬಿ. ಎ. ತರಗತಿಯಲ್ಲಿ ವ್ಯಾಸಂಗಮಾಡಿದ ವಿಷಯವು ಮನಶ್ಶಾಸ್ತ್ರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ವಿಭಾಗವು ೧೯೨೪ರಲ್ಲಿಯೇ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಅಭ್ಯಾಸಮಾಡಿ ಬಂದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು, ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದ ಮಹನೀಯರೂ ಅವರೇ. ಹೀಗೆ ಮನಸ್ಸಿನ ರೋಗವನ್ನು ಗ್ರಹಚಾರವೆನ್ನದೆ, ಗಾಳಿಯೆನ್ನದೆ, ಶಾಸ್ತ್ರದೃಷ್ಟಿಯಿಂದ ವಿಚಾರಿಸುವ ಒಂದು ಸಂಪ್ರದಾಯವು ಈ ನಗರದಲ್ಲಿ ಮೊದಲೇ ನೆಲೆಗೊಂಡಿತ್ತು. ಮಮ್ಮಟನು ಕಾವ್ಯಹೇತುಗಳನ್ನು ಹೇಳುವಾಗ ಶಕ್ತಿ ಮತ್ತು ಅಭ್ಯಾಸಗಳ ಜತೆಗೆ, ಲೋಕವನ್ನೂ ಶಾಸ್ತ್ರವನ್ನೂ ನೋಡಿ ಪಡೆದ ನಿಪುಣತೆಯನ್ನು ಸೇರಿಸಿರುವನಷ್ಟೆ. ತ್ರಿವೇಣಿಯವರಲ್ಲಿ ಈ ನಿಪುಣತೆಯ ಎರಡು ಮುಖಗಳೂ ಕೂಡಿಬಂದಿವೆ: ಶಾಸ್ತ್ರವು ಕಾಲೇಜಿನಿಂದ, ಲೋಕವು ಅಡಿಗೆಮನೆಯಿಂದ.

ಕಥೆಯ ಹಂದರವು ಸರಳವಾದುದು. ಕಾವೇರಿಯೆಂಬ ಗೃಹಿಣಿ, ಅವಳ ಪತಿ ಸತೀಶ, ಅನ್ಯೋನ್ಯವಾದ ದಾಂಪತ್ಯ. ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಚಿಕಿತ್ಸೆಯಾಗುತ್ತದೆ, ಗುಣವಾಗುತ್ತದೆ. ಅವಳು ಮನೆಗೆ ಮರಳುತ್ತಾಳೆ. ಬೇರೆ ಲೇಖಕರಾಗಿದ್ದರೆ ಇಲ್ಲಿಗೆ ಮಂಗಳವನ್ನು ಹಾಡುತ್ತಿದ್ದರು. ತ್ರಿವೇಣಿಯವರ ಕಥೆಯಾದರೋ ಇಲ್ಲಿಂದಲೇ ಆರಂಭವಾಗುತ್ತದೆಯೆಂದರೆ ತಪ್ಪಾಗದು. ನೆರೆಹೊರೆಯವರ ಅಂಜಿಕೆ, ಬಂಧುಗಳ ಎಚ್ಚರಿಕೆಯ ನೋಟ, ಪತಿಯ ವಿಮುಖತೆ ಇವುಗಳ ನಡುವೆ ಅವಳು ದಿನದಿನವೂ ತನ್ನ ಸ್ವಸ್ಥತೆಯನ್ನು ಸಿದ್ಧಪಡಿಸಿ ತೋರಿಸಬೇಕಾಗುತ್ತದೆ. ಆ ಪ್ರಯತ್ನದಲ್ಲಿ ಸೋತು ಮತ್ತೆ ರೋಗಕ್ಕೆ ಒಳಗಾಗುತ್ತಾಳೆ.

ಕಥಾವಸ್ತುವಾದ ಈ ರೋಗವು ಕವಿಕಲ್ಪಿತವಾದುದಲ್ಲ. ಹಳೆಯ ಹೆಂಗಸರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದುದೂ, ಫ್ರಾನ್ಸಿನ ವೈದ್ಯನಾದ ಮಾರ್ಸೆ ಎಂಬಾತನು ೧೮೫೮ರಲ್ಲಿಯೇ ಗ್ರಂಥರೂಪವಾಗಿ ವಿವರಿಸಿದುದೂ ಈ ಬಗೆಯ ವ್ಯಾಧಿಯನ್ನೇ. ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಇದು ಬರುತ್ತದೆ. ಬಹುಮಟ್ಟಿಗೆ ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ, ನಿದ್ರೆಯಿಲ್ಲದಿರುವುದರಿಂದ ಆರಂಭವಾಗಿ, ಬಹು ಬೇಗನೆ ಉಲ್ಬಣಿಸುತ್ತದೆ. ತಾಯಿಗೂ ಮಗುವಿಗೂ ಅಪಾಯವಾಗಬಹುದಾದುದರಿಂದ ಆಸ್ಪತ್ರೆಯಲ್ಲಿ ಇರಿಸಿಯೇ ಚಿಕಿತ್ಸೆ ಮಾಡಬೇಕಾಗುತ್ತದೆ. ಆದರೆ ಮನೋರೋಗಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ರೋಗಗಳ ಪೈಕಿ ಇದೂ ಒಂದು. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವವಿರುವುದರಿಂದ ಎಚ್ಚರಿಕೆಯು ಬೇಕು. ನಡುವಣ ವರ್ಷಗಳಲ್ಲಿ ಇಂಥವಳು ಎಲ್ಲರಂತೆಯೇ ಬಾಳಬಲ್ಲಳು. ಗುಣವಾಗದ ರೋಗವನ್ನು ಆರಿಸಿಕೊಂಡಿದ್ದರೆ ಕಾದಂಬರಿಯ ವಾದವೇ ಬಿದ್ದುಹೋಗುತ್ತಿತ್ತು. ಗುಣವಾಗುವ ರೋಗವನ್ನು ಆರಿಸಿಕೊಂಡುದರಲ್ಲಿಯೇ ಗ್ರಂಥಕರ್ತ್ರಿಯವರ ಔಚಿತ್ಯಜ್ಞಾನವು ಕಾಣುತ್ತದೆ.

೩

ಕೃತಿಯ ಹೆಸರನ್ನು ಸ್ವಲ್ಪ ವಿಚಾರಿಸಬೇಕು. ‘ಶರಪಂಜರ’ವೆಂದೊಡನೆ ಅನೇಕರು ಭೀಷ್ಮನ ಶರಶಯ್ಯೆಯನ್ನು ನೆನೆಯುತ್ತಾರೆ. ಇವೆರಡೂ ಒಂದಲ್ಲ. ಶಯ್ಯೆಯು ಮಲಗುವುದಕ್ಕೆ, ಅದು ವೀರನು ತಾನೇ ಒಪ್ಪಿಕೊಂಡ ಹಾಸಿಗೆ. ಪಂಜರವು ಸೆರೆ. ಮಹಾಭಾರತದ ಆದಿಪರ್ವದಲ್ಲಿ, ಖಾಂಡವದಹನದ ಸಂದರ್ಭದಲ್ಲಿ, ಅರ್ಜುನನು ಬಾಣಗಳಿಂದ ಆಕಾಶವನ್ನು ಮುಚ್ಚಿ, ಬೆಂಕಿಯನ್ನು ನಂದಿಸಲು ಇಂದ್ರನು ಸುರಿಸಿದ ಮಳೆಯನ್ನು ತಡೆಯುತ್ತಾನೆ. ಆ ಕಥೆಯನ್ನು ಪಂಪನೂ ಕುಮಾರವ್ಯಾಸನೂ ತಂತಮ್ಮ ರೀತಿಯಲ್ಲಿ ಕನ್ನಡಿಸಿದ್ದಾರೆ. ಆ ಬಾಣಗಳ ಗೂಡಿಗೆ ಎರಡು ಗುಣಗಳಿದ್ದುವು. ಒಳಗಿನ ಪ್ರಾಣಿಗಳನ್ನು ಅದು ಹೊರಕ್ಕೆ ಬಿಡಲಿಲ್ಲ. ಹೊರಗಿನ ನೀರನ್ನು ಒಳಕ್ಕೆ ಬಿಡಲಿಲ್ಲ.

ಕಾದಂಬರಿಯ ಶರಪಂಜರಕ್ಕೂ ಈ ಎರಡು ಗುಣಗಳು ಉಂಟು. ಹಾಗಾದರೆ ಆ ಪಂಜರವು ಯಾವುದು? ಹೆಸರನ್ನು ಮಾತ್ರ ಕೇಳಿದವನು, ಕಂಬಿಗಳೂ ಬೀಗಗಳೂ ಉಳ್ಳ ಆಸ್ಪತ್ರೆಯೇ ಅದೆಂದು ಊಹಿಸುವನು. ಗ್ರಂಥವನ್ನು ಓದಿ ಮುಗಿಸಿದವನಿಗೆ ಆ ಊಹೆಯು ತಲೆಕೆಳಗಾದುದೆಂದು ತಿಳಿಯುತ್ತದೆ. ಕಾವೇರಿಯು ಆಸ್ಪತ್ರೆಯಲ್ಲಿ ಗುಣಹೊಂದಿದಳು; ಮನೆಯಲ್ಲಿ ಕೆಟ್ಟಳು. ಬಾಣಗಳು ಕಬ್ಬಿಣದವಲ್ಲ. ನೋಟ, ಮೌನ, ಅನುಕಂಪದ ವೇಷದ ಮಾತು, ಮಕ್ಕಳನ್ನು ಮೆಲ್ಲನೆ ಅತ್ತ ಸೆಳೆದುಕೊಳ್ಳುವ ಕೈ—ಇವೇ ಬಾಣಗಳು. ಒಂದೊಂದೂ ತನ್ನಷ್ಟಕ್ಕೆ ಅಲ್ಪವಾದುದು. ಹೆಣೆದುಕೊಂಡಾಗ ಮಾತ್ರ ಪಂಜರ. ಅವಳ ವಿವೇಕದ ಮಾತುಗಳು ಅದನ್ನು ದಾಟಿ ಹೊರಕ್ಕೆ ಬರಲಾರವು. ಪತಿಯ ವಿಶ್ವಾಸವೆಂಬ ಮಳೆಯು ಒಳಕ್ಕೆ ಇಳಿಯಲಾರದು. ತರ್ಕದ ದೃಷ್ಟಿಯಿಂದ ನೋಡಿದರೆ ಇಲ್ಲಿ ಹೇತ್ವಾಭಾಸವೊಂದು ಕೆಲಸಮಾಡುತ್ತಿದೆ. ಸ್ವಸ್ಥಳಾದವಳು ನಕ್ಕರೆ ಸಂತೋಷವೆಂದೂ, ಅತ್ತರೆ ದುಃಖವೆಂದೂ, ಸುಮ್ಮನಿದ್ದರೆ ಗಾಂಭೀರ್ಯವೆಂದೂ ಜನರು ಊಹಿಸುತ್ತಾರೆ. ಆಸ್ಪತ್ರೆಯಿಂದ ಬಂದವಳು ನಕ್ಕರೂ ಅತ್ತರೂ ಸುಮ್ಮನಿದ್ದರೂ ಒಂದೇ ಸಾಧ್ಯವನ್ನು ಸಾಧಿಸುತ್ತಾರೆ. ಎಲ್ಲ ಹೇತುವೂ ಒಂದೇ ಸಾಧ್ಯಕ್ಕೆ ಒದಗುವುದಾದರೆ ಅದು ಅನುಮಾನವಲ್ಲ, ಪೂರ್ವಾಗ್ರಹ.

೪

ಹೀಗೆ ಕೃತಿಯ ಧ್ವನಿಯು ಆಸ್ಪತ್ರೆ ಮತ್ತು ಮನೆಗಳ ವೈದೃಶ್ಯದ ಮೇಲೆ ನಿಂತಿದೆ. ಆದುದರಿಂದ ಆಸ್ಪತ್ರೆಯೆಂದರೆ ಏನೆಂಬುದು ಓದುಗನಿಗೆ ತಿಳಿಯದಿದ್ದರೆ ರಸಪ್ರತೀತಿಗೆ ವಿಘ್ನವಾಗುತ್ತದೆ. ಅಭಿನವಗುಪ್ತನು ಎಣಿಸಿರುವ ಏಳು ರಸವಿಘ್ನಗಳಲ್ಲಿ ಮೊದಲನೆಯದು ಸಂಭಾವನಾವಿರಹ: ಹೀಗೆ ನಡೆಯಬಹುದೆಂಬ ನಂಬಿಕೆಯೇ ಹುಟ್ಟದಿರುವುದು. ಎರಡನೆಯದು, ಕಾವ್ಯದ ಸುಖದುಃಖವನ್ನು ತನ್ನದೆಂದೋ ಪರರದೆಂದೋ ಕಟ್ಟಿಹಾಕಿಕೊಳ್ಳುವುದು. ‘ಶರಪಂಜರ’ದ ಓದುಗನಿಗೆ ಈ ಎರಡೂ ಅಡ್ಡಬರುತ್ತವೆ. ಹುಚ್ಚಾಸ್ಪತ್ರೆಯೆಂದರೆ ಸರಪಳಿ, ಹೊಡೆತ, ಕತ್ತಲೆಕೋಣೆಯೆಂದು ನಂಬಿದವನಿಗೆ ಅಲ್ಲಿ ಒಬ್ಬಳು ಗುಣಹೊಂದಿದಳೆಂಬುದೇ ಅಸಂಭಾವ್ಯವಾಗಿ ತೋರುವುದು. ತನ್ನ ಮನೆಯಲ್ಲಿ ಅಂತಹ ರೋಗಿಯಿದ್ದವನಿಗೆ ಹೆದರಿಕೆಯೇ ಮೇಲುಗೈಯಾಗಿ, ಕರುಣರಸವು ಇರಬೇಕಾದ ಸ್ಥಳದಲ್ಲಿ ಭಯಾನಕವು ಕುಳಿತುಕೊಳ್ಳುವುದು. ಅದರಿಂದ ವಿಮರ್ಶಕನು ವಿಭಾವದ ಯಥಾರ್ಥ ಸ್ವರೂಪವನ್ನು ಹೇಳಲೇಬೇಕಾಗುತ್ತದೆ.

ಹಿಂದಿನ ಚಿಕಿತ್ಸೆಯಲ್ಲಿ ಭಯಕ್ಕೆ ಸ್ಥಾನವಿದ್ದಿತೆಂಬುದನ್ನು ಮುಚ್ಚಬೇಕಾಗಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಉನ್ಮಾದರೋಗಿಯನ್ನು ಕಟ್ಟಿಹಾಕುವುದು, ಹಲ್ಲು ಕಿತ್ತ ಹಾವಿನಿಂದಲೂ ರಾಜಭಟರಿಂದಲೂ ಬೆದರಿಸುವುದು ಮುಂತಾದ ಉಪಾಯಗಳು ಉಕ್ತವಾಗಿವೆ. ಅದೇ ಅಧ್ಯಾಯದಲ್ಲಿ ಸಮಾಧಾನದ ಮಾತು, ಮಿತ್ರರ ಆಶ್ವಾಸನ ಇವೂ ಉಂಟು. ಇದಕ್ಕಿಂತ ಮುಖ್ಯವಾದುದು ಸೂತ್ರಸ್ಥಾನದಲ್ಲಿ ಹೇಳಿರುವ ಚಿಕಿತ್ಸೆಯ ನಾಲ್ಕು ಪಾದಗಳು: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತು ಉಪಚರಿಸುವವನು. ಅವನಿಗೆ ದಕ್ಷತೆ, ಶುಚಿತ್ವಗಳ ಜತೆಗೆ ರೋಗಿಯಲ್ಲಿ ಅನುರಾಗವೂ ಇರಬೇಕೆಂದು ವಿಧಿಸಲಾಗಿದೆ. ಅದೇ ಸ್ಥಾನದ ಹದಿನೈದನೆಯ ಅಧ್ಯಾಯದ ಆತುರಾಲಯದಲ್ಲಿ ಹಾಡು, ವಾದ್ಯ, ಕಥೆ, ಇತಿಹಾಸ, ಪುರಾಣಗಳನ್ನು ಬಲ್ಲವರನ್ನು ಇರಿಸಬೇಕೆಂದು ಇದೆ. ಔಷಧವೊಂದರಿಂದಲೇ ರೋಗಿಯು ಏಳುವುದಿಲ್ಲವೆಂಬುದು ಪ್ರಾಚೀನರಿಗೂ ತಿಳಿದಿದ್ದಿತು.

ಕನ್ನಡನಾಡಿನಲ್ಲಿ ಇಂತಹ ಆಸ್ಪತ್ರೆಯ ಚರಿತ್ರೆಯು ಅದರ ಹೆಸರುಗಳ ಚರಿತ್ರೆಯೂ ಆಗಿದೆ. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆರಂಭವಾದ ಹುಚ್ಚರ ಆಶ್ರಯಸ್ಥಾನವು ಮೈಸೂರು ಸಂಸ್ಥಾನದ ಆಡಳಿತದಲ್ಲಿ ೧೯೨೫ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರನ್ನು ಪಡೆಯಿತು. ೧೯೫೪ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ೧೯೭೪ರಲ್ಲಿ ಎರಡೂ ಕೂಡಿ ಇಂದಿನ ‘ನಿಮ್ಹಾನ್ಸ್’ ಆಯಿತು. ಹುಚ್ಚಿನಿಂದ ರೋಗಕ್ಕೂ, ರೋಗದಿಂದ ಆರೋಗ್ಯಕ್ಕೂ ಹೆಸರು ಸಾಗಿಬಂದಿದೆ. ಆಡುಮಾತಿನಲ್ಲಿ ಮಾತ್ರ ಆ ಹೊಸ ಹೆಸರೇ ಬೈಗುಳಾಗಿರುವುದು ಶೋಚನೀಯ. ತ್ರಿವೇಣಿಯವರು ಬರೆಯುತ್ತಿದ್ದ ಕಾಲವು ಚಿಕಿತ್ಸೆಯ ಚರಿತ್ರೆಯಲ್ಲಿ ಸಂಧಿಕಾಲ. ೧೯೩೮ರಲ್ಲಿ ಇಟಲಿಯಲ್ಲಿ ಮೊದಲಾದ ವಿದ್ಯುಚ್ಚಿಕಿತ್ಸೆಯು ಪ್ರಚಾರದಲ್ಲಿದ್ದಿತು. ೧೯೫೨ರಿಂದ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಮನೋರೋಗದ ಆಸ್ಪತ್ರೆಗಳ ಸ್ವರೂಪವನ್ನೇ ಬದಲಿಸುತ್ತಲಿದ್ದಿತು. ಗುಣಹೊಂದಿ ಮನೆಗೆ ಮರಳುವವರ ಸಂಖ್ಯೆಯು ಹೆಚ್ಚಿದಾಗಲೇ, ಮರಳಿದವರನ್ನು ಮನೆಯು ಹೇಗೆ ಕಾಣುತ್ತದೆಂಬ ಪ್ರಶ್ನೆಯು ಹುಟ್ಟುವುದು. ಕಾದಂಬರಿಯು ಆ ಪ್ರಶ್ನೆಯನ್ನು ತಕ್ಕ ಕಾಲದಲ್ಲಿ ಎತ್ತಿತು.

ಇಂದು ಮೈಸೂರಿನ ರೋಗಿಯು ಬೆಂಗಳೂರಿಗೇ ಹೋಗಬೇಕೆಂಬ ನಿಯಮವಿಲ್ಲ. ಕೃಷ್ಣರಾಜೇಂದ್ರ ಆಸ್ಪತ್ರೆಯೇ ಮೊದಲಾದ ಕಡೆ ಮನೋವೈದ್ಯ ವಿಭಾಗಗಳಿವೆ. ಆಸ್ಪತ್ರೆಗೆ ಸೇರಿದವರ ದಿನಗಳು ಸಾಮಾನ್ಯವಾಗಿ ಸಾಗುವ ಕ್ರಮವು ಹೀಗಿದೆ. ಮೊದಲು ವೈದ್ಯರು ರೋಗಿಯನ್ನೂ ಜತೆಗೆ ಬಂದವರನ್ನೂ ಬೇರೆಬೇರೆಯಾಗಿ ಕೇಳಿ, ನಿದ್ರೆ, ಊಟ, ಮಾತು, ಹಿಂದಿನ ಕಾಯಿಲೆ ಮುಂತಾದ ಸಂಗತಿಗಳನ್ನು ಬರೆದುಕೊಳ್ಳುತ್ತಾರೆ. ದಿನ ಯಾವುದು, ಸ್ಥಳ ಯಾವುದು ಎಂಬ ಸಣ್ಣ ಪ್ರಶ್ನೆಗಳನ್ನೂ ಕೇಳುತ್ತಾರೆ. ಅವು ಅವಮಾನಕ್ಕಲ್ಲ, ಸ್ಮೃತಿ, ಬುದ್ಧಿಗಳ ಪರೀಕ್ಷೆಗೆ. ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೆಂದು ಚರಕನು ವಿಭಾಗಿಸಿರುವುದನ್ನು ಬಲ್ಲವರಿಗೆ ಈ ಪ್ರಶ್ನೆಗಳ ಕ್ರಮವು ಅಪರಿಚಿತವೆನಿಸದು. ದೇಹದ ರೋಗವೇನಾದರೂ ಮನಸ್ಸಿನ ರೋಗದ ವೇಷದಲ್ಲಿ ಬಂದಿದೆಯೆ ಎಂಬುದನ್ನು ತಿಳಿಯಲು ರಕ್ತಪರೀಕ್ಷೆ ಮೊದಲಾದುವು ಆಗುತ್ತವೆ. ಚಾಕು, ಬ್ಲೇಡು, ಗಾಜು, ಹಗ್ಗ, ಮನೆಯಿಂದ ತಂದ ಮಾತ್ರೆ ಇವುಗಳನ್ನು ವಾರ್ಡಿನ ಸಿಬ್ಬಂದಿಯವರು ತೆಗೆದಿರಿಸುತ್ತಾರೆ. ಇದು ಎಲ್ಲರಿಗೂ ಒಂದೇ ಆದ ನಿಯಮ.

ಬಳಿಕ ದಿನಚರಿಯೇ ಔಷಧದ ಅರ್ಧಭಾಗವೆನ್ನಬಹುದು. ನಿಯತವಾದ ಹೊತ್ತಿಗೆ ಏಳುವುದು, ಸ್ನಾನ, ತಿಂಡಿ. ದಾದಿಯರ ಎದುರಿನಲ್ಲಿಯೇ ಮಾತ್ರೆ ನುಂಗುವುದು. ವೈದ್ಯರು ಸುತ್ತು ಬಂದು ವಿಚಾರಿಸುವುದು. ಆಮೇಲೆ ಆಪ್ತಸಮಾಲೋಚನೆ, ಕೈಕೆಲಸ, ಯೋಗಾಭ್ಯಾಸ. ಸಂಜೆಗೆ ಭೇಟಿಗೆ ಬಂದವರೊಡನೆ ಮಾತು. ರಾತ್ರಿ ದಾದಿಯು ಆಗಾಗ ಬಂದು ನೋಡಿಹೋಗುತ್ತಾಳೆ. ಮೊದಲ ದಿನಗಳಲ್ಲಿ ಮಂಪರು, ಬಾಯಿ ಒಣಗುವುದು, ಕೈನಡುಕ, ಮೈಬಿಗಿತ ತೋರಬಹುದು. ಇವು ಔಷಧದ ಉಪದ್ರವಗಳು. ಹೇಳಿದರೆ ವೈದ್ಯರು ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ಗುಣವು ಒಂದೇ ದಿನದಲ್ಲಿ ಕಾಣದು. ನಿದ್ರೆಯು ಮೊದಲು ಮರಳುತ್ತದೆ, ಬುದ್ಧಿಯ ತಿಳಿವು ದಿನಗಳಲ್ಲಿಯೋ ವಾರಗಳಲ್ಲಿಯೋ ಹಿಂಬಾಲಿಸುತ್ತದೆ. ವಿದ್ಯುಚ್ಚಿಕಿತ್ಸೆಯು ಕಥೆಗಳಲ್ಲಿ ಬಹಳ ಅಪಕೀರ್ತಿಗೆ ಒಳಗಾಗಿದೆ. ಇಂದು ಅದನ್ನು ಅರಿವಳಿಕೆಯನ್ನೂ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಟ್ಟೇ ಮಾಡತಕ್ಕದ್ದೆಂದು ಕಾಯಿದೆಯು ವಿಧಿಸಿದೆ. ಕೆಲವು ನಿಮಿಷಗಳಲ್ಲಿ ಅದು ಮುಗಿಯುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಮರೆವು ತೋರುವುದುಂಟು.

ಆ ಕಾಯಿದೆಯು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ೨೦೧೮ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ೧೯೧೨ರ ಹಳೆಯ ಶಾಸನವು ರೋಗಿಯನ್ನು ಕಾವಲಿನಲ್ಲಿ ಇರಿಸತಕ್ಕವನೆಂದು ಕಂಡಿತ್ತು. ಇದು ಅವನನ್ನು ಹಕ್ಕುಳ್ಳವನೆಂದು ಕಾಣುತ್ತದೆ. ತಿಳಿವಳಿಕೆಯುಳ್ಳ ರೋಗಿಯು ತಾನಾಗಿಯೇ ಸೇರಬಹುದು, ತಾನಾಗಿಯೇ ಬಿಡುಗಡೆ ಕೇಳಬಹುದು. ತೀವ್ರವಾಗಿ ಅಸ್ವಸ್ಥನಾದವನನ್ನು ಅವನ ಪ್ರತಿನಿಧಿಯ ಅರ್ಜಿಯ ಮೇಲೆ, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿದ ಬಳಿಕ, ೩೦ ದಿನಗಳವರೆಗೆ ಇರಿಸಿಕೊಳ್ಳಬಹುದು. ಹೀಗೆ ಸೇರಿಸಿಕೊಂಡವಳು ಹೆಂಗಸಾದರೆ ೩ ದಿನಗಳೊಳಗೆ ಪುನರ್ವಿಮರ್ಶೆಯ ಮಂಡಲಿಗೆ ತಿಳಿಸಬೇಕು. ಸರಪಳಿಯಿಂದ ಕಟ್ಟುವುದು ನಿಷಿದ್ಧ. ಬಲವಂತವಾಗಿ ತಲೆ ಬೋಳಿಸಕೂಡದು. ಇಷ್ಟವಿದ್ದರೆ ಸ್ವಂತ ಬಟ್ಟೆಯನ್ನು ಉಡಬಹುದು. ಕಾವೇರಿಯ ಕಥೆಯನ್ನು ಓದಿದವರ ಮನಸ್ಸನ್ನು ಮುಟ್ಟುವ ಇನ್ನೊಂದು ವಿಧಿಯುಂಟು: ಆಸ್ಪತ್ರೆಗೆ ಸೇರಿದ ತಾಯಿಯಿಂದ ೩ ವರ್ಷದೊಳಗಿನ ಮಗುವನ್ನು, ಅಪಾಯವಿಲ್ಲದ ಪಕ್ಷದಲ್ಲಿ, ಅಗಲಿಸಕೂಡದು. ನಿಮ್ಹಾನ್ಸಿನಲ್ಲಿ ತಾಯಿಮಕ್ಕಳಿಗಾಗಿಯೇ ಒಂದು ವಿಭಾಗವು ೨೦೦೯ರಿಂದ ನಡೆಯುತ್ತಿದೆ. ರೋಗಿಯ ಜತೆಗೆ ಮನೆಯವರೊಬ್ಬರು ವಾರ್ಡಿನಲ್ಲಿ ಇರುವ ಪದ್ಧತಿಯು ಈ ದೇಶದ ಆಸ್ಪತ್ರೆಗಳ ವಿಶೇಷ. ಚರಕನು ಹೇಳಿದ ಅನುರಾಗವುಳ್ಳ ಉಪಸ್ಥಾತೃವಿಗೆ ಇದರಲ್ಲಿ ಸ್ಥಾನ ದೊರೆತಿದೆ.

ಎಲ್ಲ ಕಡೆಯೂ ಎಲ್ಲ ವಿಧಿಗಳೂ ಲೋಪವಿಲ್ಲದೆ ನಡೆಯುತ್ತವೆಯೆಂದು ಇದರ ಅರ್ಥವಲ್ಲ. ಆದರೆ ಆಸ್ಪತ್ರೆಯ ವಾಸಕ್ಕೆ ಒಂದು ಕ್ರಮವಿದೆ, ಒಂದು ಅವಧಿಯಿದೆ, ಪ್ರಶ್ನಿಸುವ ಹಕ್ಕಿದೆ, ಬಿಡುಗಡೆಯ ದಿನವೊಂದಿದೆ. ಇಲ್ಲಿಯೇ ಕಾದಂಬರಿಯ ವೈದೃಶ್ಯವು ಪೂರ್ಣವಾಗಿ ಹೊಳೆಯುವುದು. ಮನೆಯಲ್ಲಿ ಕಾವೇರಿಯ ಮೇಲೆ ನಡೆದ ಕಾವಲಿಗೆ ಅವಧಿಯಿರಲಿಲ್ಲ. ಆ ತೀರ್ಪನ್ನು ಪುನರ್ವಿಮರ್ಶಿಸುವ ಮಂಡಲಿಯಿರಲಿಲ್ಲ.

೫

ಇನ್ನು ಕೃತಿಯ ಮುಕ್ತಾಯವನ್ನು ಕುರಿತು ಪೂರ್ವಪಕ್ಷವೊಂದನ್ನು ವಿಚಾರಿಸಬೇಕಾಗಿದೆ. ಕಾವೇರಿಗೆ ರೋಗವು ಮರುಕಳಿಸುವಂತೆ ಮಾಡಿದುದರಿಂದ, ‘ಒಮ್ಮೆ ಕೆಟ್ಟ ತಲೆ ಕೆಟ್ಟದ್ದೇ’ ಎಂಬ ಜನರ ನಂಬಿಕೆಗೆ ಗ್ರಂಥವೇ ಪುಷ್ಟಿ ಕೊಟ್ಟಂತಾಗಲಿಲ್ಲವೆ? ರೋಗಿಗಳಿಗೂ ಅವರ ಬಂಧುಗಳಿಗೂ ಇದರಿಂದ ನಿರಾಶೆಯಲ್ಲದೆ ಬೇರೇನು ಫಲ? ಗುಣವಾದವಳನ್ನು ಸುಖವಾಗಿ ಬಾಳಿಸಿ ತೋರಿಸಿದ್ದರೆ ಲೋಕೋಪಕಾರವಾಗುತ್ತಿರಲಿಲ್ಲವೆ?

ಈ ಆಕ್ಷೇಪವು ಅಲ್ಪವಾದುದಲ್ಲ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಈ ಕಥೆಯನ್ನು ಚಲಚ್ಚಿತ್ರವಾಗಿ ತೆಗೆದರು. ಕಲ್ಪನಾ ಅವರ ಅಭಿನಯದಿಂದ ಕಾವೇರಿಯು ಕನ್ನಡಿಗರ ಕಣ್ಣಿಗೆ ಕಟ್ಟಿದಂತಾದಳು. ಆದರೆ ಪ್ರೇಕ್ಷಕರ ನೆನಪಿನಲ್ಲಿ ಹೆಚ್ಚಾಗಿ ಉಳಿದುದು ಕೊನೆಯ ಉನ್ಮಾದದ ದೃಶ್ಯ. ಅದಕ್ಕೆ ಕಾರಣವಾದ ಸಣ್ಣಸಣ್ಣ ಬಾಣಗಳಲ್ಲ. ಕಣ್ಣಿಗೆ ಕಾಣುವ ಅನುಭಾವವು ವಿಭಾವವನ್ನು ಮರೆಸುವುದು ದೃಶ್ಯಮಾಧ್ಯಮದಲ್ಲಿ ಸುಲಭವಾಗಿ ಒದಗುವ ಅಪಾಯ. ಅಭಿನಯವು ಎಷ್ಟು ಉತ್ಕೃಷ್ಟವೋ ಅಪಾಯವೂ ಅಷ್ಟೇ ದೊಡ್ಡದು.

ಸಮಾಧಾನವಾದರೋ ಇದು. ಪರಿಣಾಮವು ಒಂದೇ ಆದರೂ ನಿದಾನವು ಬೇರೆಯಾದರೆ ಅರ್ಥವೂ ಬೇರೆಯಾಗುತ್ತದೆ. ಮೊದಲ ಸಲ ರೋಗವು ಬಂದುದು ಹೆರಿಗೆಯ ನಿಮಿತ್ತದಿಂದ. ಎರಡನೆಯ ಸಲ ಬಂದುದಕ್ಕೆ ಗ್ರಂಥಕರ್ತ್ರಿಯವರು ತೋರಿಸಿರುವ ನಿಮಿತ್ತವು ಹೆರಿಗೆಯಲ್ಲ, ಹುಟ್ಟುಗುಣವಲ್ಲ, ವಿಶ್ವಾಸದ ಅಭಾವ. ಮರುಕಳಿಕೆಯು ರೋಗದ ಸ್ವಭಾವದಿಂದಲೇ ಆಯಿತೆಂದು ತೋರಿಸುವ ಉದ್ದೇಶವಿದ್ದಿದ್ದರೆ, ಮನೆಗೆ ಮರಳಿದ ಮೇಲಿನ ದಿನಗಳನ್ನು ಅಷ್ಟು ವಿಸ್ತಾರವಾಗಿ ಬರೆಯಬೇಕಾಗಿರಲಿಲ್ಲ. ಆ ಪುಟಗಳಲ್ಲಿ ಕಾವೇರಿಯೇ ಎಲ್ಲರಿಗಿಂತ ಹೆಚ್ಚು ವಿವೇಕಿಯಾಗಿ ಕಾಣುತ್ತಾಳೆ. ಭ್ರಮೆಗೆ ಒಳಗಾದವರು ಸುತ್ತಲಿನವರು. ಕಾಣದುದನ್ನು ಕಾಣುವುದೇ ಉನ್ಮಾದದ ಲಕ್ಷಣವಾದರೆ, ಇಲ್ಲದ ಹುಚ್ಚನ್ನು ಕಾಣುತ್ತಿದ್ದ ಆ ಮನೆಯನ್ನು ಏನೆಂದು ಕರೆಯಬೇಕು? ಓದುಗನನ್ನು ಈ ಪ್ರಶ್ನೆಯವರೆಗೆ ತಂದು ಬಿಡುವುದಕ್ಕೆ ಕರುಣಾಂತವು ಅವಶ್ಯವಾಗಿತ್ತು. ಸುಖಾಂತವಾಗಿದ್ದರೆ ಮನೆಯವರ ತಪ್ಪು ಮನ್ನಿತವಾಗಿ, ಓದುಗನೂ ತನ್ನ ತಪ್ಪನ್ನು ಮನ್ನಿಸಿಕೊಂಡು ಪುಸ್ತಕವನ್ನು ಮುಚ್ಚುತ್ತಿದ್ದನು.

ಆದರೂ ಒಂದು ಮಾತನ್ನು ಪೂರ್ವಪಕ್ಷಕ್ಕೆ ಬಿಟ್ಟುಕೊಡಬೇಕು. ಮನೆಯ ವರ್ತನೆಯೊಂದೇ ಮರುಕಳಿಕೆಗೆ ಕಾರಣವೆಂದು ಸಾಮಾನ್ಯನಿಯಮವನ್ನು ಕಟ್ಟಿದರ�ೆ ಅದೂ ತಪ್ಪಾಗುವುದು. ಪ್ರೀತಿಯಿಂದ ನೋಡಿಕೊಂಡ ಮನೆಗಳಲ್ಲಿಯೂ ರೋಗವು ಮರಳುವುದುಂಟು; ಔಷಧವನ್ನು ನಡುವೆ ನಿಲ್ಲಿಸಿದರೆ ಮರಳುವುದು ಇನ್ನೂ ಹೆಚ್ಚು. ಕಾದಂಬರಿಯು ಒಬ್ಬ ಕಾವೇರಿಯ ಕಥೆ. ಅದನ್ನು ವೈದ್ಯಶಾಸ್ತ್ರದ ಸೂತ್ರವೆಂದು ತೆಗೆದುಕೊಂಡು ಬಂಧುಗಳ ಮೇಲೆ ಅಪರಾಧವನ್ನು ಹೊರಿಸಬಾರದು. ಶಾಸ್ತ್ರವನ್ನು ಬಯಸುವವರಿಗೆ ಕನ್ನಡದಲ್ಲಿಯೇ ಗ್ರಂಥಗಳಿವೆ. ‘ಕೊರವಂಜಿ’ಯ ಸ್ಥಾಪಕರೂ ವೈದ್ಯರೂ ಆಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ವು ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಈ ವಿಷಯವನ್ನು ಕುರಿತು ಸುಲಭವಾದ ಕನ್ನಡದಲ್ಲಿ ಬಹಳ ಬರೆದಿದ್ದಾರೆ. ಶಾಸ್ತ್ರವು ಪ್ರಭುವಿನಂತೆ ಆಜ್ಞಾಪಿಸುತ್ತದೆ, ಕಾವ್ಯವು ಕಾಂತೆಯಂತೆ ಒಲಿಸುತ್ತದೆ ಎಂಬ ಪ್ರಾಚೀನರ ವಿಭಾಗವು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಔಷಧವನ್ನು ಬಿಡಬಾರದೆಂಬುದನ್ನು ಶಾಸ್ತ್ರದಿಂದಲೂ, ಔಷಧವನ್ನು ಕೊಡುವ ಕೈಯಲ್ಲಿ ಸಂಶಯವಿರಬಾರದೆಂಬುದನ್ನು ಕಾವ್ಯದಿಂದಲೂ ಕಲಿಯಬೇಕು.

೬

ಈ ವಿಚಾರದಿಂದ ಸಾಹಿತ್ಯವನ್ನು ಬೋಧಿಸುವವರಿಗೆ ಒಂದು ಕರ್ತವ್ಯವು ಒದಗುತ್ತದೆ. ‘ಶರಪಂಜರ’ವನ್ನು ಸ್ತ್ರೀಯ ದುಃಖದ ಕಥೆಯೆಂದು ಹೇಳಿ ಮುಗಿಸುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಸಾಲದು. ಪಾಠವನ್ನು ಕೇಳುತ್ತ ಕುಳಿತಿರುವ ಮಕ್ಕಳಲ್ಲಿ ಒಬ್ಬನ ತಾಯಿಯೋ ಅಕ್ಕನೋ ಆಸ್ಪತ್ರೆಯಿಂದ ಮರಳಿದವಳಾಗಿರಬಹುದು. ಅವನು ಅದನ್ನು ಯಾರಿಗೂ ಹೇಳಿರಲಾರನು. ಆಸ್ಪತ್ರೆಯ ಪ್ರಸಂಗ ಬಂದಾಗ ಉಪಾಧ್ಯಾಯರು ನಗೆಯಾಡಿದರೆ ಆ ತರಗತಿಯಲ್ಲಿಯೇ ಒಂದು ಶರವು ಹೆಣೆಯಲ್ಪಟ್ಟಂತಾಯಿತು. ಅಲ್ಲಿ ನಡೆಯುವುದೇನೆಂಬುದನ್ನು ಸಹಜವಾಗಿ, ಜ್ವರದ ವಾರ್ಡಿನ ವಿಷಯವನ್ನು ಹೇಳುವಂತೆ ಹೇಳಿದರೆ, ಆ ಹುಡುಗನಿಗೆ ಕಥೆಯೂ ತಿಳಿದೀತು, ತನ್ನ ಮನೆಯೂ ತಿಳಿದೀತು.

ಭರತನು ಉನ್ಮಾದವನ್ನು ಸಂಚಾರಿಯೆಂದನು. ಆಸ್ಪತ್ರೆಯ ವೈದ್ಯರು ಬಿಡುಗಡೆಯ ಚೀಟಿಯಲ್ಲಿ, ಔಷಧದ ಹೆಸರನ್ನೂ ಮುಂದಿನ ಭೇಟಿಯ ದಿನವನ್ನೂ ಬರೆದುಕೊಟ್ಟು, ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳುತ್ತಾರೆ. ಪುರೂರವನಿಗೆ ಕೈಗೂಡಿದ ಭಾಗ್ಯವು ಸಂಗಮನೀಯ ಮಣಿಯೊಂದೇ ಅಲ್ಲ. ಹಿಂದಿನದನ್ನು ಎತ್ತಿ ಆಡದ ರಾಜಧಾನಿಯೂ ಅವನಿಗೆ ದೊರೆಯಿತು. ಕಾವೇರಿಗೆ ಮಣಿಯು ಆಸ್ಪತ್ರೆಯಲ್ಲಿ ಸಿಕ್ಕಿತು. ಅವಳಿಗೆ ಸಿಕ್ಕದೆ ಹೋದುದು ಅಂತಹ ಮನೆ.